ಅಕ್ಕೋರ ಕೆಳಗಿನ ಹಾಳೆಗಳು

ಅಕ್ಕೋರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಯಾವಾಗಲೂ ನೀಲಿಯಾಗಿರುತ್ತಿತ್ತು. ಕಾರ್ಬನ್ ಕಾಗದದ ನೀಲಿ. ಸಾಬೂನು ಹಚ್ಚಿ, ನಿಂಬೆ ಸಿಪ್ಪೆ ತಿಕ್ಕಿ, ಒಮ್ಮೆ ಸೀಮೆಎಣ್ಣೆಯಲ್ಲಿ ಅದ್ದಿ ಕೂಡ ನೋಡಿದ್ದರಂತೆ. ಹೋಗಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಆ ನೀಲಿ ಜೋಳದ ರೊಟ್ಟಿಗೆ ಹತ್ತೀತೇನೋ ಎಂದು ನಾನು ಕಳ್ಳಗಣ್ಣಿನಿಂದ ನೋಡುತ್ತಿದ್ದೆ. ಹದಿಮೂರು ವರ್ಷ ನೋಡಿದೆ, ಒಮ್ಮೆಯೂ ಹತ್ತಲಿಲ್ಲ. ಅವರನ್ನು ಮಣ್ಣು ಮಾಡಿದ ದಿನವೂ ನಾನು ಮುಖ ನೋಡಲಿಲ್ಲ, ಆ ಎರಡು ಬೆರಳನ್ನೇ ನೋಡಿದೆ. ಅಳು ಬರಲಿಲ್ಲ. ಇದನ್ನು ಬರೆಯುವಾಗಲೂ ಬರುತ್ತಿಲ್ಲ. ಅವರ ವಿಷಯಕ್ಕೆ ನನ್ನೊಳಗೆ ಒಂದು ಜಾಗ ಮರಗಟ್ಟಿ ಕೂತಿದೆ, ಮುಟ್ಟಿದರೂ ಗೊತ್ತಾಗುವುದಿಲ್ಲ.

ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಇವರು ಶಾಲೆಯ ಅಕ್ಕೋರಲ್ಲ, ಟೈಪಿಂಗ್ ಅಕ್ಕೋರು. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಹಿಂದೆ, ಒಬ್ಬ ದರ್ಜಿಯ ಅಂಗಡಿಯ ಮೇಲೆ, ಏಳು ಟೈಪ್‌ರೈಟರುಗಳ ಒಂದು ಇನ್‌ಸ್ಟಿಟ್ಯೂಟು ಅವರದು. ಎಂಬತ್ತಾರರಲ್ಲಿ ಪಿಯುಸಿ ಮುಗಿಸಿ ನಾನು ಅಲ್ಲಿಗೆ ಕಲಿಯಲು ಹೋದೆ. ಎರಡು ಪರೀಕ್ಷೆ ಪಾಸಾದ ಮೇಲೆ ಅವರ ಕೈಕೆಳಗೆ ಕೆಲಸಕ್ಕೆ ನಿಂತೆ. ಆಮೇಲೆ ಬೇರೆಲ್ಲಿಗೂ ಹೋಗಲಿಲ್ಲ.

ನಾನು ಬಾಯಿಬಡುಕಿ. ಟೈಪ್ ಮಾಡುತ್ತಾ ಓದುವುದು, ಓದಿದ್ದನ್ನು ಪಕ್ಕದವಳಿಗೆ ಹೇಳುವುದು ನನ್ನ ಚಾಳಿ. ಮೊದಲ ತಿಂಗಳಲ್ಲೇ ಅಕ್ಕೋರಿಗೆ ಅದು ಗೊತ್ತಾಯಿತು. "ನಿನ್ನ ಬೆರಳಿಗಿ ಬಾಯಿಗಿ ನಡುವ ಒಂದು ಬಾಗಲಾ ಹಚ್ಚಿಸೋಣೇನ ಬೇ? ಕೆಳಗ ದರ್ಜಿ ಅದಾನ, ಹೊಲದು ಕೊಡ್ತಾನ ಬೇಕಾದ್ರ," ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಆ ಶನಿವಾರ ಕ್ಲಾಸು ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಬಳಸಿ ಬಿಟ್ಟ ಒಂದು ಕಾರ್ಬನ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಓದು," ಎಂದರು. ಓದಿದೆ. ಒಬ್ಬ ಹೆಣ್ಣುಮಗಳು ಗಂಡನ ಮೇಲೆ ಕೋರ್ಟಿಗೆ ಬರೆಸಿದ್ದ ಅರ್ಜಿ. ಅಕ್ಷರ ಅಕ್ಷರವೂ ಬೆಳಕಿನಲ್ಲಿ ಬಿಳಿಯಾಗಿ ಕಾಣುತ್ತಿತ್ತು. "ಅಕಿ ಕಾಗದಾ ತಗೊಂಡು ಹೋಗ್ಯಾಳ. ಅಕಿ ಮಾತು ಮಾತ್ರ ಇಲ್ಲೇ ಬಿದ್ದೈತಿ ನೋಡು," ಎಂದು ಅದನ್ನು ಮಡಚಿ, ಮೂಲೆಯಲ್ಲಿದ್ದ ಹಳೆಯ ಡಾಲ್ಡಾ ಡಬ್ಬಿಗೆ ಹಾಕಿ ಕಡ್ಡಿ ಗೀರಿದರು. ಪ್ರತಿ ಶನಿವಾರ ಹೀಗೇ. ವಾರದ ಕಾರ್ಬನ್ನೆಲ್ಲ ಆ ಡಬ್ಬಿಯಲ್ಲಿ ಸುಡುವುದು, ಬೂದಿಯನ್ನು ಕಡ್ಡಿಯಿಂದ ಕದಡುವುದು. ಬೆಂದ ಕಾರ್ಬನ್ನಿನ ಆ ಮೇಣದ ವಾಸನೆಯನ್ನು ದರ್ಜಿ ಬೈಯದ ವಾರವಿರಲಿಲ್ಲ.

ಅವರ ಇನ್ನೊಂದು ನಿಯಮ ನಕಲಿನದು. ಯಾವ ಮುಖ್ಯ ಕಾಗದವಾದರೂ ಒಂದು ನಕಲು ನಮ್ಮ ಹತ್ತಿರ ಇರಬೇಕು. ಅಸಲು ಬಸ್ಸಿನಲ್ಲಿ ಕಳೆಯಬಹುದು, ಮಳೆಯಲ್ಲಿ ನೆನೆಯಬಹುದು, ಕಚೇರಿಯವರು ಬಂದೇ ಇಲ್ಲ ಎನ್ನಬಹುದು. ಕಾರ್ಬನ್ ಡಬ್ಬಿಗೆ, ನಕಲು ಕಪಾಟಿಗೆ. ಆ ಕಬ್ಬಿಣದ ಕಪಾಟಿನ ಕೀಲಿ ಅವರ ಸೊಂಟದಲ್ಲಿರುತ್ತಿತ್ತು. ನಕಲು ಇಡದೆ ಕಾಗದ ಕೊಟ್ಟರೆ ನನಗೆ ಬೈಗುಳ ಖಚಿತ. ಹದಿಮೂರು ವರ್ಷದಲ್ಲಿ ಆ ಪಾಠ ನನ್ನ ಬೆರಳಿಗೇ ಇಳಿದಿತ್ತು. ಮುಂದೆ ಆದದ್ದು ಅದರಿಂದಲೇ ಆಯಿತು, ಅದಕ್ಕೇ ಇದನ್ನು ಹೇಳಿದೆ.

ಮದುವೆಯ ಕೆಲಸ ಅವರ ಪಾಲಿಗೆ ತಾನಾಗಿಯೇ ಬಂತು. ಮಗಳ ಬಯೋಡಾಟಾ ಟೈಪ್ ಮಾಡಿಸಲು ಬಂದವರು ಟೈಪ್ ಮಾಡುವವರ ಮುಂದೆ ಯಾಕೋ ಎಲ್ಲ ಹೇಳಿಬಿಡುತ್ತಾರೆ. ವಯಸ್ಸು, ಓದು, ಬಣ್ಣ ಹೇಳುತ್ತಾ ಹೇಳುತ್ತಾ ದನಿ ಇಳಿಯುತ್ತದೆ. ಹುಡುಗಿಗೆ ಒಂದು ಕಿವಿ ಮಂದ. ಹುಡುಗಿಯ ಅಣ್ಣ ಜೈಲಿನಲ್ಲಿದ್ದಾನೆ. ಮೊದಲೊಂದು ಕಡೆ ನಿಶ್ಚಯವಾಗಿ ತಪ್ಪಿದೆ. ಅಕ್ಕೋರು ಇವಕ್ಕೆಲ್ಲ ಎರಡು ಹಾಳೆ ಮಾಡಿದರು. ಮೇಲಿನ ಹಾಳೆ ಎಲ್ಲರಿಗೂ ಕೊಡುವುದು. ಕೆಳಗಿನ ಹಾಳೆಯಲ್ಲಿ ಹೇಳಲೇಬೇಕಾದ ಕಷ್ಟದ ಮಾತು, ಅದನ್ನು ಯಾರು, ಯಾವಾಗ, ಯಾರ ಮುಂದೆ ಹೇಳಬೇಕು ಎಂಬುದು. ಮಾತುಕತೆ ಪಕ್ಕಾ ಆಗುವ ಮೊದಲು ಅದನ್ನು ಹೇಳಿಯೇ ತೀರಬೇಕು. ಹೇಳಲು ಒಪ್ಪದವರನ್ನು ಅವರು ವಾಪಸು ಕಳಿಸುತ್ತಿದ್ದರು. "ಮುಚ್ಚಿಡೋದು ಬ್ಯಾರೆ, ಹೊತ್ತು ನೋಡಿ ಹೇಳೋದು ಬ್ಯಾರೆ. ನಾ ಮುಚ್ಚಿಡಾಕ ಕುಂತಿಲ್ರಿ," ಎನ್ನುತ್ತಿದ್ದರು.

ಸಿಂಧನೂರು, ಮಸ್ಕಿ, ಮುದಗಲ್ಲಿನಿಂದ ಜನ ಬರುತ್ತಿದ್ದರು. ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನಲ್ಲಿ ನೆಲೆಯಾದ ಬಂಗಾಳಿ ನಿರಾಶ್ರಿತರ ಮನೆಗಳವರೂ ಬರುತ್ತಿದ್ದರು. ಅಕ್ಕೋರು ಮಾತ್ರ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನ್ನಂಥ ಬಾಯಿಬಡುಕಿಗೂ ಬರಲಿಲ್ಲ.

ಎಂಬತ್ತೆಂಟರಲ್ಲಿ ನಮ್ಮವ್ವ ನನ್ನನ್ನೂ ಅವರ ಮುಂದೆ ಕೂರಿಸಿದಳು. ನನಗೂ ಒಂದು ಕೆಳಗಿನ ಹಾಳೆ ಬಂತು. ಅದನ್ನು ಅಕ್ಕೋರು ನನ್ನನ್ನು ಹೊರಗೆ ಕಳಿಸಿ ತಾವೇ ಟೈಪ್ ಮಾಡಿದರು. ನನ್ನ ಮದುವೆ ಆಗಲಿಲ್ಲ, ಅದು ಬೇರೆ ಮಾತು. ಆ ಹಾಳೆಯನ್ನು ನಾನು ಮರೆತೇಬಿಟ್ಟಿದ್ದೆ.

ತೊಂಬತ್ತಾರರ ಹೊತ್ತಿಗೆ ಟೈಪಿಂಗಿಗೆ ಬರುವವರು ಕಡಿಮೆಯಾದರು. ನಾನು ಆರು ತಿಂಗಳು ದಿನಾ ಮಸ್ಕಿ ದಾಟಿ ಸಿಂಧನೂರಿಗೆ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಕಲಿತು ಬಂದೆ. ಮರುವರ್ಷ ಒಂದು ಹಳೆಯ ಕಂಪ್ಯೂಟರ್ ಬಂತು. ಅಕ್ಕೋರು ಕಪಾಟು ತೆಗೆದು, ನಡೆಯುತ್ತಿದ್ದ ಸಂಬಂಧಗಳ ಮೂವತ್ತೇಳು ಕೆಳಗಿನ ಹಾಳೆಗಳನ್ನು ನನ್ನ ಮುಂದಿಟ್ಟರು. ನಾನು ಎರಡು ದಿನದಲ್ಲಿ ಪಟಪಟನೆ ಹೊಡೆದು ಮುಗಿಸಿದೆ. ಬಂದ ಹೊಸ ಹೆಸರುಗಳನ್ನು ಆಮೇಲೆ ಸೇರಿಸುತ್ತ ಹೋದೆ, ಮುಗಿದವನ್ನು ತೆಗೆಯುತ್ತ ಹೋದೆ. ನನ್ನ ವೇಗದ ಬಗ್ಗೆ ನನಗೆ ಜಂಬವಿತ್ತು. ಮೂವತ್ತೇಳು ಮನೆಗಳ ನೋವು ಬೆರಳ ಕೆಳಗೆ ಹಾದುಹೋಯಿತು, ನನಗೆ ಏನೂ ಅನಿಸಲಿಲ್ಲ.

ವೆಬ್‌ಸೈಟು ಮಾಡುವ ಹುಚ್ಚು ನನ್ನದೇ. ತೊಂಬತ್ತೊಂಬತ್ತರ ಬೇಸಿಗೆ ಅದು. ಸಿಂಧನೂರಿನಲ್ಲಿ ನನ್ನ ಜೊತೆ ಕಲಿತ ಒಬ್ಬಾಕೆ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಯ ಒಂದು ಸರ್ವರಿನಲ್ಲಿ ನಮಗೆ ಜಾಗ ಕೊಡಿಸಿದಳು. ಮೇಲಿನ ಹಾಳೆಗಳ ಪಟ್ಟಿ ಅದರಲ್ಲಿ ಹಾಕಿದರೆ ದೂರದ ಊರಿನವರೂ ನೋಡುತ್ತಾರೆ ಎಂದು ಅಕ್ಕೋರ ತಲೆ ತಿಂದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಕೇಳಿದ್ದು ಇಂದಿಗೂ ನೆನಪಿದೆ.

"ಸರ್ವರ್ ಅಂದ್ರ ಯಾರ ಮನ್ಯಾಗ ಐತಿ?"

"ಹೈದರಾಬಾದ್ನ್ಯಾಗ ಒಂದು ಆಫೀಸ್‌ನ್ಯಾಗ ರೀ."

"ನಮ್ಮ ಖೋಲಿಗಿ ಬೀಗ?"

"ಪಾಸ್‌ವರ್ಡ್ ಐತ್ರಿ. ನಮ್ಮ ಹತ್ರ ಅಷ್ಟ."

"ಇಲ್ಲಿಂದ ಅಲ್ಲಿಗಿ ಹೋಗ್ತಾ ದಾರ್ಯಾಗ ಯಾರರೆ ಓದಬಹುದೇನು? ಪೋಸ್ಟ್ ಕಾರ್ಡಿನಂಗೋ, ಕವರಿನಂಗೋ?"

"ಕವರಿನಂಗ ರೀ," ಎಂದೆ. ನನಗೆ ಗೊತ್ತಿರಲಿಲ್ಲ. ನಾವು ಆಗ ಫೈಲು ಕಳಿಸುತ್ತಿದ್ದ ಪ್ರೋಗ್ರಾಮು ಪಾಸ್‌ವರ್ಡನ್ನೂ ಮುಚ್ಚದೆ ಕಳಿಸುತ್ತಿತ್ತು, ಅಪ್ಪಟ ಪೋಸ್ಟ್ ಕಾರ್ಡು ಅದು ಎಂಬುದು ಎಷ್ಟೋ ದಿನದ ಮೇಲೆ ತಿಳಿಯಿತು.

"ಬೀಗ ಇರಲಿ. ಕಿಡಕಿ ಅದಾವೇನು ಆ ಖೋಲಿಗಿ?"

ನಾನು ನಕ್ಕೆ. "ಕಂಪ್ಯೂಟರ್ಗಿ ಎಲ್ಲೀ ಕಿಡಕ್ರಿ ಅಕ್ಕೋರ!"

ಅವರು ಕನ್ನಡಕ ಹಾಕಿಕೊಂಡರು.

ಪಾಸ್‌ವರ್ಡನ್ನು ಅವರು ಎರಡು ತುಂಡು ಮಾಡಿಸಿದರು. ಮೊದಲ ಆರು ಅಕ್ಷರ ನನಗೆ, ಕೊನೆಯ ಆರು ಅವರಿಗೆ. ನಾನು ನನ್ನದನ್ನು ಹೊಡೆದು ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಲ್ಲಬೇಕು. ಅವರು ಬಂದು ಕೂತು, ಬೆನ್ನು ನೆಟ್ಟಗೆ ಮಾಡಿ, ತಮ್ಮ ಆರನ್ನು ನೋಡದೆ ಹೊಡೆಯಬೇಕು. ಕಂಪ್ಯೂಟರಿನಲ್ಲಿ ಅವರು ಕಲಿತದ್ದು ಇಷ್ಟೇ. ಫೋನಿನಲ್ಲಿ ಪಾಸ್‌ವರ್ಡ್ ಹೇಳುವಂತಿಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವಂತಿಲ್ಲ. ಹೈದರಾಬಾದಿನ ಗೆಳತಿ ಕೇಳಿದಾಗಲೂ ಕೊಡಲಿಲ್ಲ. ಅವಳು ಮುನಿಸಿಕೊಂಡಳು. "ಮುನಿಸು ಹೋಗತೈತಿ. ಅಕ್ಷರ ಹೋದ್ರ ಬರಂಗಿಲ್ಲ," ಎಂದರು ಅಕ್ಕೋರು.

ಮೊದಲ ಸಲ ಪಟ್ಟಿ ಕಳಿಸಿದ ದಿನ ಟೆಲಿಫೋನ್ ಲೈನು ಐದು ಸಲ ಕಟ್ಟಾಯಿತು. ಪ್ರತಿ ಸಲ ನಾನು ಆರು, ಅವರು ಆರು. ಕೊನೆಗೆ ಪಟ್ಟಿ ಹೋಯಿತು. ನಕಲು ಎಲ್ಲಿ ಎಂದು ನನ್ನ ಬೆರಳು ನನ್ನನ್ನೇ ಕೇಳಿತು. ನಮ್ಮ ಕಂಪ್ಯೂಟರ್ ಹಳೆಯದು, ಎರಡು ಸಲ ಕೆಟ್ಟಿತ್ತು. ಫ್ಲಾಪಿಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಹೈದರಾಬಾದಿನದು ಬೀಗ ಹಾಕಿದ ಖೋಲಿ, ಇಬ್ಬರ ಅಕ್ಷರ ಸೇರಿದರೆ ಮಾತ್ರ ತೆರೆಯುತ್ತದೆ. ಅದಕ್ಕಿಂತ ಒಳ್ಳೆಯ ಕಪಾಟು ಯಾವುದು? ಪಟ್ಟಿಯ ಪಕ್ಕದಲ್ಲೇ ಒಂದು ಫೋಲ್ಡರ್ ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ 'ನಕಲು' ಎಂದು ಹೆಸರಿಟ್ಟು, ಮೇಲಿನವು ಕೆಳಗಿನವು ಎಲ್ಲವನ್ನೂ ಅದರಲ್ಲಿ ಇಟ್ಟೆ.

"ಏನೇನ್ ಕಳಸಾಕತ್ತಿ?" ಎಂದು ಅಕ್ಕೋರು ಕೇಳಿದ್ದರು.

"ಪಟ್ಟಿ ಅಷ್ಟ ರೀ," ಎಂದಿದ್ದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಕಲನ್ನು ನಾವು ಯಾವತ್ತೂ ಲೆಕ್ಕಕ್ಕೆ ಹಿಡಿದು ಹೇಳುತ್ತಿರಲಿಲ್ಲ, ಅದು ಇದ್ದೇ ಇರುತ್ತಿತ್ತು. ಆಮೇಲೆ ಹೊಸ ಹೆಸರು ಸೇರಿದಾಗಲೆಲ್ಲ ಪಟ್ಟಿಯ ಜೊತೆ ನಕಲೂ ಹೋಯಿತು.

ಮಸ್ಕಿಯ ಹುಡುಗಿ ಬಂದದ್ದು ಆ ಮಳೆಗಾಲದಲ್ಲಿ. ಸಣ್ಣ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಹನ್ನೆರಡನೇ ವಯಸ್ಸಿನವರೆಗೆ ಅವಳಿಗೆ ಮೂರ್ಛೆ ಬರುತ್ತಿತ್ತು. ಆಮೇಲೆ ಒಮ್ಮೆಯೂ ಬಂದಿರಲಿಲ್ಲ. ತಾಯಿ ಸೆರಗು ಬಾಯಿಗೆ ಒತ್ತಿ, "ಇದನ್ನೂ ಬರೀಬೇಕೇನ್ರಿ?" ಎಂದು ಕೇಳಿದಳು.

"ಬರೀಬೇಕವ್ವ. ಕೆಳಗ," ಎಂದರು ಅಕ್ಕೋರು.

ಹುಡುಗಿ ಮುಂದೆ ಬಾಗಿದಳು. "ಬರ್ಕೋರಿ. ಆದ್ರ ಹೇಳೋದು ನಾನ ಹೇಳ್ತೀನ್ರಿ, ನನ್ನ ಬಾಯಿಲೆ. ಅವರ ಮಾರಿ ನೋಡಿ ಹೇಳ್ತೀನಿ. ನನಕಿಂತ ಮೊದಲ ಯಾರೂ ಹೇಳಬ್ಯಾಡ್ರಿ."

ಅಕ್ಕೋರು ಅವಳ ಕಡೆ ತಿರುಗಿ ಕೂತರು. "ಭರೋಸಾ ಇಡು," ಎಂದರು. ನಾನು ಕಂಪ್ಯೂಟರಿನ ಮುಂದೆ ಕೂತು ಹೊಡೆದೆ: ಹುಡುಗಿ ತಾನೇ ಹೇಳುತ್ತಾಳೆ, ಮೊದಲು ಯಾರೂ ಹೇಳಬಾರದು. ಅವಳು ನನ್ನ ಹೆಗಲ ಹಿಂದೆ ನಿಂತು ಅದನ್ನು ಓದಿದಳು.

ಸಿಂಧನೂರಿನ ಒಂದು ಮನೆ ಕೂಡಿ ಬಂತು. ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟ ಹುಡುಗ, ಸಭ್ಯ. ಒಮ್ಮೆ ನೋಡಿ ಹೋಗಿದ್ದರು, ಎರಡೂ ಕಡೆ ಮನಸ್ಸಾಗಿತ್ತು. ಗುರುವಾರ ಎರಡನೇ ಭೇಟಿ. ಅವತ್ತು ಅವಳು ಹೇಳುವವಳಿದ್ದಳು.

ಸೋಮವಾರ ಹನ್ನೊಂದು ಗಂಟೆಗೆ ಹುಡುಗನ ಸೋದರಮಾವ ಮೆಟ್ಟಿಲು ಹತ್ತಿ ಬಂದರು. ಕೂತುಕೊಳ್ಳಲಿಲ್ಲ. ಮಡಚಿದ ಒಂದು ಪ್ರಿಂಟನ್ನು ಅಕ್ಕೋರ ಮೇಜಿನ ಮೇಲೆ ಹಾಕಿದರು. ಮಸ್ಕಿಯ ಹುಡುಗಿಯ ಕೆಳಗಿನ ಹಾಳೆ ಅದು. ಅವರ ಪೈಕಿಯ ಒಬ್ಬ ಹುಡುಗ ಹೈದರಾಬಾದಿನಲ್ಲಿದ್ದ. ಹೆಣ್ಣಿನ ವಿವರ ನೋಡೋಣವೆಂದು ನಮ್ಮ ವೆಬ್‌ಸೈಟ್ ತೆರೆದಿದ್ದ. ವೆಬ್‌ಸೈಟಿನ ವಿಳಾಸದ ಕೊನೆಯ ತುಂಡನ್ನು ಅಳಿಸಿ ಏನಾಗುತ್ತದೆ ಎಂದು ನೋಡಿದ್ದ. ಫೋಲ್ಡರಿನಲ್ಲಿ ಇದ್ದದ್ದೆಲ್ಲ ಸಾಲಾಗಿ ಅವನ ಮುಂದೆ ಬಿಚ್ಚಿಕೊಂಡಿತ್ತು. ಪಾಸ್‌ವರ್ಡ್ ಯಾರೂ ಕೇಳಿರಲಿಲ್ಲ. ಅದು ಇಡಲು ಹೋಗುವವರಿಗೆ ಬೇಕಾದ ಬೀಗ, ಹೊರಗೆ ನಿಂತು ಓದುವವರಿಗೆ ಬೀಗವೇ ಇರಲಿಲ್ಲ. ಅಕ್ಕೋರು ಕೇಳಿದ್ದ ಕಿಟಕಿ ಅದೇ.

ಅಕ್ಕೋರು ಹಾಳೆಯನ್ನು ಪೂರಾ ಓದಿದರು, ಮೇಲಿಂದ ಕೆಳಗೆ, ತಪ್ಪು ಹುಡುಕುವಾಗ ಓದುವ ಹಾಗೆ. ಪ್ರಿಂಟಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ವಿಳಾಸ ಮೂಡಿತ್ತು. ಅದರ ಮೇಲೆ ಅವರ ನೀಲಿ ಬೆರಳು ನಿಂತಿತು. ಅಲ್ಲಿ 'ನಕಲು' ಎಂದಿತ್ತು. ಆ ಹೆಸರು ಇಡುವವಳು ಲೋಕದಲ್ಲಿ ನಾನೊಬ್ಬಳೇ ಎಂದು ಅವರಿಗೆ ಗೊತ್ತಾಯಿತು. ಅವರು ನನ್ನ ಕಡೆ ತಿರುಗಲಿಲ್ಲ.

"ನಂದು ತಪ್ಪಾಗೇತ್ರಿ, ಯಜಮಾನ್ರ. ನನ್ನ ಕೈಲೆ ಆಗೇತಿ," ಎಂದರು.

"ನೀವು ಕಂಪ್ಯೂಟರ್ ಮಾಡ್ತೀರೇನ್ರಿ?"

"ಮಾಡ್ತೀನ್ರಿ."

ಸೋದರಮಾವ ಕೆಟ್ಟ ಮನುಷ್ಯರಲ್ಲ. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರ ಇತ್ತು. "ಮನಿಯಾಗ ಕುಂತು, ಆ ಹುಡುಗಿ ತಾನ ಹೇಳಿದ್ರ ನಾವು ಒಪ್ಪತಿದ್ವೋ ಏನೋ. ನಮ್ಮ ಹುಡುಗಗ ಭಾಳ ಮನಸಿತ್ತು. ಈಗ ಹೆಂಗ್ರಿ ಒಪ್ಪೋದು? ನಮಗ ಗೊತ್ತಾಗೋಕಿಂತ ಮೊದಲ ನಾಕ ಮಂದಿ ಓದ್ಯಾರ. ಸಿಂಧನೂರ ಝೆರಾಕ್ಸ್ ಅಂಗಡ್ಯಾಗೂ ಐತಂತ ಈ ಹಾಳಿ."

"ಮೂರು ದಿನದಾಗ ಅಕಿ ಹೇಳ್ತಿದ್ಲು ರೀ."

"ಅದ ಅಲ್ರಿ ನಾ ಹೇಳೋದು," ಎಂದು ಅವರು ಇಳಿದು ಹೋದರು.

ನಾನು ಕುರ್ಚಿಯಲ್ಲಿ ಕೂತಿದ್ದೆ. ಬಾಯಿ ತೆರೆಯಬೇಕಿತ್ತು. ಜೀವನವಿಡೀ ಬೇಡದಲ್ಲಿ ತೆರೆದ ಬಾಯಿ ಅವತ್ತು ತೆರೆಯಲಿಲ್ಲ. ಕೆಳಗೆ ದರ್ಜಿಯ ಮಿಷನ್ ಓಡುವುದು ಕೇಳುತ್ತಿತ್ತು. ಹೆದರಿಕೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

"ಏಳು. ಅಳಸು ಅದನ್ನ," ಎಂದರು ಅಕ್ಕೋರು. ನಾನು ನನ್ನ ಆರನ್ನು ಹೊಡೆದು ಕಿಟಕಿಯ ಕಡೆ ತಿರುಗಿದೆ. ಅವರು ತಮ್ಮ ಆರನ್ನು ಹೊಡೆದರು. ಫೋಲ್ಡರ್ ಹೋಯಿತು. ಪಟ್ಟಿಯೂ ಹೋಯಿತು. "ಓದಿದವರ ತಲಿಯಾಗಿಂದ ಅಳಸಾಕ ಇದರಾಗ ಏನರೆ ಐತೇನು?" ಎಂದು ಕೇಳಿದರು. ವ್ಯಂಗ್ಯವಲ್ಲ, ಇದ್ದರೂ ಇರಬಹುದು ಎಂಬ ಹಾಗೆಯೇ ಕೇಳಿದರು. ಇಲ್ಲ ಎಂದೆ.

ನನ್ನ ತಪ್ಪಿನ ಬಗ್ಗೆ ಅವರು ನನ್ನೊಂದಿಗೆ ಆಡಿದ ಮಾತು ಅದೊಂದೇ. ಬೈದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆನೋ ಏನೋ.

ಮರುದಿನದಿಂದ ಅವರು ಕೆಳಗಿನ ಹಾಳೆಗಳನ್ನು ವಾಪಸು ಕೊಡಲು ಹೊರಟರು. ಒಂದೊಂದನ್ನೂ ಕವರಿಗೆ ಹಾಕಿ, ಅಂಟಿಸಿ, ಅಂಟಿಸಿದ ಕಡೆ ಅಡ್ಡಲಾಗಿ ಸಹಿ ಮಾಡಿದರು. ಅಂಚೆಗೆ ಹಾಕಲಿಲ್ಲ, ಕಂಡಕ್ಟರ್ ಕೈಯಲ್ಲಿ ಕಳಿಸಲಿಲ್ಲ. ಬಸ್ಸಿನಲ್ಲಿ ತಾವೇ ಹೋದರು. ಚೀಲ ಹಿಡಿದು ನಾನು ಹಿಂದೆ ಹೋದೆ. ಹಾಳೆ ಯಾರ ಬಗ್ಗೆ ಇತ್ತೋ ಅವರ ಕೈಗೇ ಕೊಡಬೇಕು, ಅಪ್ಪನಿಗೂ ಇಲ್ಲ, ಅಣ್ಣನಿಗೂ ಇಲ್ಲ. ಪ್ರತಿ ಮನೆಯಲ್ಲೂ ಅದೇ ಮಾತು: "ಇದು ಬಯಲಾಗೇತವ್ವ. ನನ್ನ ಕೈಲೆ ಆಗೇತಿ. ಯಾರರೆ ಕೇಳಿದ್ರ ಗಾಬರಿ ಆಗಬ್ಯಾಡ, ಅದಕ್ಕ ಮೊದಲ ಹೇಳಾಕ ಬಂದೀನಿ."

ಮುದಗಲ್ಲಿನಲ್ಲಿ ಒಬ್ಬ ತಂದೆ ಓಣಿಯೆಲ್ಲ ಕೇಳುವ ಹಾಗೆ ಬೈದ. ಅಕ್ಕೋರು ತಲೆ ತಗ್ಗಿಸಿ ಪೂರಾ ಕೇಳಿ, ಅವನು ಮುಗಿಸಿದ ಮೇಲೆ, "ಮಗಳನ್ನ ಕರೀರಿ," ಎಂದರು. ಜವಳಗೇರಾದಲ್ಲಿ ಹುಡುಗಿ ನಾಟಿಗೆ ಹೋಗಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದು ಗದ್ದೆಯ ಬದುವಿನ ಮೇಲೆ ನಡೆದು ಹೋದರು. ಅವಳು ಕಾಲುವೆಯಲ್ಲಿ ಕೈ ತೊಳೆದು, ಸೀರೆಗೆ ಒರೆಸಿಕೊಂಡು ಕವರ್ ತೆಗೆದುಕೊಂಡಳು. ಆರ್.ಎಚ್. ಕ್ಯಾಂಪಿನಲ್ಲಿ ಒಬ್ಬ ಬಂಗಾಳಿ ಹೆಂಗಸು ಕವರ್ ಒಡೆಯದೆ ನಮ್ಮ ಮುಂದೆಯೇ ಒಲೆಗೆ ಹಾಕಿ, ಮಂಡಕ್ಕಿ ಕೊಟ್ಟು, ತಿಂದೇ ಹೋಗಬೇಕೆಂದು ಕೂರಿಸಿದಳು. ತಿಂದೆವು. ರುಚಿ ಗೊತ್ತಾಗಲಿಲ್ಲ.

ಮಸ್ಕಿಯನ್ನು ಅವರು ಕೊನೆಗೆ ಇಟ್ಟುಕೊಂಡಿದ್ದರು. ದಾರಿಯಲ್ಲೇ ಇದ್ದ ಊರು, ದಿನಾ ಬಸ್ಸು ಅಲ್ಲಿ ನಿಲ್ಲುತ್ತಿತ್ತು, ಇಳಿಯುತ್ತಿರಲಿಲ್ಲ. ಕೊನೆಯ ದಿನ ಇಳಿದೆವು. ಸಂಬಂಧ ಮುರಿದ ಸುದ್ದಿ ಆ ಮನೆಗೆ ಆಗಲೇ ಮುಟ್ಟಿತ್ತು. ತಾಯಿ ಚಹಾ ಇಟ್ಟು ಒಳಗೆ ಹೋದಳು, ಹೊರಗೆ ಬರಲಿಲ್ಲ. ಹುಡುಗಿ ನಮ್ಮೆದುರು ಕೂತಳು. ಕವರ್ ತೆಗೆದುಕೊಂಡು, ಸಹಿಯನ್ನು ನೋಡಿ, ಮಡಿಲಲ್ಲಿಟ್ಟುಕೊಂಡಳು.

"ಯಾರು ಹಾಕಿದ್ರಿ ಅದನ್ನ?" ಎಂದು ಕೇಳಿದಳು.

"ನಾನವ್ವ," ಎಂದರು ಅಕ್ಕೋರು.

ಹುಡುಗಿ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಚಹಾದ ಮೇಲೆ ಕಟ್ಟಿದ ಕೆನೆಯನ್ನು ನೋಡುತ್ತಿದ್ದೆ.

ಬಸ್ಸಿನಲ್ಲಿ ವಾಪಸು ಬರುವಾಗ ಚೀಲ ಖಾಲಿಯಾಗಿದೆ ಎಂದುಕೊಂಡಿದ್ದೆ. ಅಕ್ಕೋರು ಕೈ ಹಾಕಿ ತಳದಿಂದ ಇನ್ನೊಂದು ಕವರ್ ತೆಗೆದು ನನ್ನ ತೊಡೆಯ ಮೇಲೆ ಇಟ್ಟರು. ಹಳೆಯ ಕವರು, ಮೂಲೆಗಳು ಹಳದಿಯಾಗಿದ್ದವು. ಅದರ ಮೇಲೆ ನನ್ನ ಹೆಸರಿತ್ತು.

"ನಿಂದು. ಇದು ಕಂಪ್ಯೂಟರ್ನ್ಯಾಗ ಇಲ್ಲ, ಗಾಬರಿ ಆಗಬ್ಯಾಡ," ಎಂದರು.

"ಯಾಕ್ರಿ? ಎಲ್ಲಾರದೂ ಕೊಟ್ಟಿದ್ರೆಲ್ರಿ ನಂಗ."

"ನಿನ್ನ ಕೈಲೆ ನಿಂದ ಹೊಡಸಬೇಕಾಗಿತ್ತು. ಮನಸಾಗಲಿಲ್ಲ, ತಂಗಿ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಆ ಕವರಿನಲ್ಲಿ ಏನಿತ್ತೆಂದು ನಾನು ಇಲ್ಲಿಯೂ ಬರೆಯುವುದಿಲ್ಲ. ಬರೆಯದೆ ಇರುವ ಅನುಕೂಲ ನನಗೊಬ್ಬಳಿಗೆ ಸಿಕ್ಕಿತು. ಊರಿನ ಅಷ್ಟು ಹೆಣ್ಣುಮಕ್ಕಳ ಮಾತು ಬಯಲಿಗೆ ಬಿತ್ತು, ಅದನ್ನು ಬಯಲಿಗೆ ಹಾಕಿದವಳ ಮಾತು ಮಾತ್ರ ಮುಚ್ಚಿದ ಕವರಿನಲ್ಲಿ ಭದ್ರವಾಗಿ ಉಳಿಯಿತು. ಅವತ್ತಾದರೂ ಅಳಬೇಕಿತ್ತು. ನಾನು ಕವರನ್ನು ಬ್ಲೌಸಿನೊಳಗೆ ಇಟ್ಟುಕೊಂಡು ಟಿಕೆಟ್ಟನ್ನು ಸಣ್ಣಗೆ ಮಡಚುತ್ತಾ ಕೂತೆ.

ಆಮೇಲೆ ಮದುವೆಯ ಕೆಲಸ ನಿಂತಿತು. ಅಕ್ಕೋರು ಟೈಪಿಂಗ್ ಕ್ಲಾಸಿಗೆ ಬರುತ್ತಿದ್ದರು. ಬರುವವರು ಮೂರೋ ನಾಲ್ಕೋ. ಬೀದಿಯಲ್ಲಿ ಕೆಲವರು ಮಾತಾಡಿಸುವುದು ಬಿಟ್ಟಿದ್ದರು. ಅದನ್ನು ಅವರು ಗಮನಿಸಿದಂತೆ ಕಾಣಲಿಲ್ಲ, ಅಥವಾ ನನಗೆ ತೋರಿಸಿಕೊಳ್ಳಲಿಲ್ಲ. ಆ ವರ್ಷದ ಚಳಿಯಲ್ಲಿ ಒಂದು ಮುಂಜಾನೆ ಅವರು ಹಾಸಿಗೆಯಿಂದ ಏಳಲಿಲ್ಲ. ಹೃದಯ ನಿಂತಿತ್ತು ಎಂದರು ಡಾಕ್ಟರು. ಮಣ್ಣಿಗೆ ಬಂದವರಲ್ಲಿ ನಾವು ಕವರ್ ಕೊಟ್ಟ ಮನೆಗಳ ಹೆಂಗಸರು ಕೆಲವರಿದ್ದರು. ಮುದಗಲ್ಲಿನ ಆ ತಂದೆಯೂ ಬಂದಿದ್ದ.

ಈಗ ನನ್ನ ಹೊಟ್ಟೆಪಾಡು ಇದೇ ಕೆಲಸ. ಅಂಗಡಿಗಳವು, ಶಾಲೆಗಳವು, ಸಣ್ಣಪುಟ್ಟ ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತೇನೆ. ಹೊಸಬರು ಬಂದು ತಮ್ಮ ಪಾಸ್‌ವರ್ಡ್ ಎಷ್ಟು ಉದ್ದ ಎಂದು ಹೆಮ್ಮೆಯಿಂದ ಹೇಳುತ್ತಾರೆ. ನಾನು ಕಿಟಕಿ ಕೇಳುತ್ತೇನೆ. ನಕಲು ಎಲ್ಲಿಟ್ಟಿದ್ದೀರಿ, ದಾರಿಯಲ್ಲಿ ಹೇಗೆ ಹೋಗುತ್ತದೆ ಎಂದು 'ಪೋಸ್ಟ್ ಕಾರ್ಡೋ ಕವರೋ' ಎಂದೇ ಕೇಳುತ್ತೇನೆ. ಅವರು ನಗುತ್ತಾರೆ. ನನಗೆ ತಿಳಿದಷ್ಟು ವಿದ್ಯೆಯೆಲ್ಲ ಅವತ್ತು ಕನ್ನಡಕ ಒರೆಸುತ್ತಾ ಅಕ್ಕೋರು ಕೇಳಿದ ನಾಲ್ಕು ಪ್ರಶ್ನೆ. ಅವಕ್ಕೆ ನಾನು ಕೊಟ್ಟ ಉತ್ತರ ಒಂದೂ ಪೂರಾ ಸರಿ ಇರಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನ ಇನ್‌ಸ್ಟಿಟ್ಯೂಟಿನ ಬಾಗಿಲು ತೆರೆದೆ. ಶನಿವಾರವಾಗಿತ್ತು. ಡಬ್ಬಿಯಲ್ಲಿ ಒಂದೇ ಒಂದು ಕಾರ್ಬನ್ ಹಾಳೆ ಇತ್ತು. ತೀರಿಕೊಳ್ಳುವ ಹಿಂದಿನ ದಿನ ಕ್ಲಾಸು ಬಿಟ್ಟ ಮೇಲೆ ಅಕ್ಕೋರು ಒಬ್ಬರೇ ಏನೋ ಟೈಪ್ ಮಾಡುತ್ತಿದ್ದರು ಎಂದು ದರ್ಜಿ ಹೇಳಿದ. ಅಸಲಿಗಾಗಿ ಹುಡುಕಿದೆ. ಕಪಾಟಿನಲ್ಲಿ ಇರಲಿಲ್ಲ, ಮೇಜಿನಲ್ಲಿ ಇರಲಿಲ್ಲ. ಅವರ ಬಗ್ಗೆ ನನಗೆ ಗೊತ್ತಿಲ್ಲದ್ದೆಲ್ಲ ಆ ಹಾಳೆಯಲ್ಲಿ ಇದ್ದಿರಬಹುದು. ಯಾರದೋ ರಜೆ ಅರ್ಜಿಯೂ ಇದ್ದಿರಬಹುದು. ಕಿಟಕಿ ಎರಡು ಹೆಜ್ಜೆ ದೂರದಲ್ಲಿತ್ತು, ಬಿಸಿಲು ಚೆನ್ನಾಗಿ ಬಿದ್ದಿತ್ತು. ನಾನು ಆ ಕಡೆ ಬೆನ್ನು ಮಾಡಿ ಕೂತು ಕಡ್ಡಿ ಗೀರಿದೆ. ಪೂರಾ ಸುಟ್ಟ ಮೇಲೆ ಬೂದಿ ಕದಡಿದೆ. ನನ್ನ ಕವರನ್ನೂ ಅದರ ಮೇಲೆ ಸುಟ್ಟೆ.

ಅಲ್ಲಿಂದ ಎದ್ದು ನೇರವಾಗಿ ಮಸ್ಕಿಯ ಬಸ್ಸು ಹತ್ತಿದೆ. ಹುಡುಗಿ ಆಗಷ್ಟೇ ಶಾಲೆಯಿಂದ ಬಂದಿದ್ದಳು. ಬಾಗಿಲಲ್ಲೇ ನಿಂತಿದ್ದಳು, ಒಳಗೆ ಕರೆಯಲಿಲ್ಲ. ನಾನು ಅವಳ ಮುಖ ನೋಡಿ ಹೇಳಿದೆ.

"ಅದನ್ನ ಹಾಕಿದಾಕಿ ನಾನು. ಅಕ್ಕೋರಲ್ಲ. ಅವರಿಗಿ ಗೊತ್ತ ಇದ್ದಿಲ್ಲ."

"ಗೊತ್ತೈತ್ರಿ," ಎಂದಳು. "ಕಂಪ್ಯೂಟರ್ ಮುಂದ ಯಾರು ಕುಂತಿದ್ರು ಅಂತ ನಾ ನೋಡೀನೆಲ್ರಿ. ಅವತ್ತ ಅವರು ನಾನು ಅಂದ್ರು. ನೀವು ಬಾಯಿ ಬಿಡ್ತೀರೇನು ಅಂತ ನಿಮ್ಮ ಮಾರೀನ ನೋಡಾಕತ್ತಿದ್ದೆ."

ಅಕ್ಕೋರು ಹೋದರು, ನಿನ್ನೆ ಮಣ್ಣಾಯಿತು ಎಂದೆ. ಅವಳಿಗೆ ಸುದ್ದಿ ಮುಟ್ಟಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು, ಅವಳ ಕಣ್ಣು ತುಂಬಿದವು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ನನ್ನ ಕೈಗೆ ಕೊಟ್ಟಳು. ಕುಡಿದು ಮುಗಿಸುವವರೆಗೆ ನಿಂತಿದ್ದು, ತಂಬಿಗೆ ವಾಪಸು ತೆಗೆದುಕೊಂಡಳು.

"ಅವರು ಇದ್ದಾಗ ಬರಬೇಕಾಗಿತ್ರಿ ನೀವು," ಎಂದಳು.